ಒಂದೇ ಆಟ, ಹಲವು ಪಾಠಾಂತರ

ಅಮೆರಿಕದಲ್ಲಿ ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ಕೂಡಿಟ್ಟ ಯಾವ ಜಾಗಕ್ಕೆ ಹೋದರೂ ‘ಡಾಂಕಿ ಕಾಂಗ್’ ಕಣ್ಣಿಗೆ ಬೀಳುವುದು ಬಹುತೇಕ ಖಚಿತ. ಆಳೆತ್ತರದ ಮರದ ಪೆಟ್ಟಿಗೆ, ಎದೆಮಟ್ಟದಲ್ಲಿ ಪರದೆ, ಅದರ ಕೆಳಗೆ ಜಾಯ್‌ಸ್ಟಿಕ್ಕು ಮತ್ತು ಗುಂಡಿಗಳು, ನೆತ್ತಿಯ ಮೇಲೆ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆಯುವ ಹೆಸರಿನ ಫಲಕ. ಪೆಟ್ಟಿಗೆಯ ಮೈಬಣ್ಣ ಸಾಮಾನ್ಯವಾಗಿ ತಿಳಿನೀಲಿ. ಅಪರೂಪಕ್ಕೆ ಎಲ್ಲೋ ಒಂದು ಕಡೆ ಅದೇ ಆಟ ಕೆಂಪು ಪೆಟ್ಟಿಗೆಯಲ್ಲಿ ನಿಂತಿರುತ್ತದೆ. ನೋಡಿದವರು ಸ್ಕೂಟರಿನ ಹಾಗೆ ಇದಕ್ಕೂ ಎರಡು ಬಣ್ಣ ಇದ್ದಿರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ.

ಆ ಕೆಂಪಿನ ಹಿಂದೆ ಒಂದು ಸೋಲು ಇದೆ. 1980ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ರೇಡಾರ್ ಸ್ಕೋಪ್’ ಎಂಬ ಬಾಹ್ಯಾಕಾಶ ಯುದ್ಧದ ಆಟ ತಂದಿತು. ಅಮೆರಿಕದ ಶಾಖೆ ನೋಡಿಕೊಳ್ಳುತ್ತಿದ್ದ ಮಿನೋರು ಅರಕಾವಾ 3,000 ಯಂತ್ರಗಳನ್ನು ತರಿಸಿದರು. ಹಡಗಿನಲ್ಲಿ ಅವು ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದು ಸೇರುವಷ್ಟರಲ್ಲಿ ಆ ಆಟದ ಮೇಲಿನ ಆಸೆ ಆರಿಹೋಗಿತ್ತು. ಸುಮಾರು 1,000 ಯಂತ್ರ ಮಾರಾಟವಾದವು, ಉಳಿದ 2,000 ಗೋದಾಮಿನಲ್ಲಿ ಕೂತವು. ಆ ಪೆಟ್ಟಿಗೆಗಳೊಳಗೆ ತುಂಬಲು ಹೊಸ ಆಟವೊಂದನ್ನು ರೂಪಿಸುವ ಕೆಲಸ ಕ್ಯೋಟೋದಲ್ಲಿ ಶಿಗೆರು ಮಿಯಾಮೊಟೊ ಎಂಬ ತರುಣ ಕಲಾವಿದನ ಪಾಲಿಗೆ ಬಂತು. ಹಾಗೆ ಹುಟ್ಟಿದ್ದು ಡಾಂಕಿ ಕಾಂಗ್. 1981ರಲ್ಲಿ ಸಿಯಾಟಲ್ ಬಳಿಯ ಟಕ್‌ವಿಲಾದ ಗೋದಾಮಿನಲ್ಲಿ ಅರಕಾವಾ, ಅವರ ಪತ್ನಿ ಮತ್ತು ಬೆರಳೆಣಿಕೆಯ ಸಹೋದ್ಯೋಗಿಗಳು ಒಂದೊಂದೇ ಪೆಟ್ಟಿಗೆ ಬಿಚ್ಚಿ, ಹಳೆಯ ಬೋರ್ಡು ಕಿತ್ತು, ಹೊಸದನ್ನು ಕೂರಿಸಿದರು. ಹೊಸ ಚಿತ್ರಗಳನ್ನೂ ಅಂಟಿಸಿದರು. ಪೆಟ್ಟಿಗೆಯ ಮೈಬಣ್ಣ ಮಾತ್ರ ರೇಡಾರ್ ಸ್ಕೋಪಿನದೇ ಉಳಿಯಿತು, ಅದು ಕೆಂಪು. ಆಟ ಗೆದ್ದ ಮೇಲೆ ಹೊಸದಾಗಿ ಕಟ್ಟಿದ ಪೆಟ್ಟಿಗೆಗಳು ತಿಳಿನೀಲಿಯಾದವು.

ಹೀಗೆ ಒಂದು ಬಣ್ಣದೊಳಗೆ ಒಂದು ಕಂಪನಿಯ ಕಷ್ಟಕಾಲವೇ ಅಡಗಿದೆ. 1970ರ ಮತ್ತು 80ರ ದಶಕದ ಆರ್ಕೇಡ್ ಯಂತ್ರಗಳ ಮೇಲಿನ ಚಿತ್ರಗಳಲ್ಲಿ ಇಂಥ ವ್ಯತ್ಯಾಸಗಳು ಬೇಕಾದಷ್ಟಿವೆ. ಒಂದೇ ಆಟದ ಎರಡು ಪೆಟ್ಟಿಗೆಗಳಲ್ಲಿ ಚಿತ್ರ ಬೇರೆ, ಅಕ್ಷರದ ಜಾಗ ಬೇರೆ, ಬಣ್ಣದ ಛಾಯೆ ಬೇರೆ. ಅವುಗಳನ್ನು ಗುರುತಿಸುವುದು ಸಂಗ್ರಹಕಾರರ ಹವ್ಯಾಸವೆಂದು ತೋರಬಹುದು. ನನಗೆ ಅದು ಓದುವ ಒಂದು ಬಗೆ.

ನಮ್ಮಲ್ಲಿ ಈ ಬಗೆಯ ಓದಿಗೆ ಹಳೆಯ ಶಿಸ್ತೊಂದಿದೆ. ಗ್ರಂಥ ಸಂಪಾದನೆ ಮಾಡುವವರು ಒಂದೇ ಕಾವ್ಯದ ಹಲವು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಹೋಲಿಸುತ್ತಾರೆ. ಭಿನ್ನವಾಗಿ ಕಂಡದ್ದನ್ನು ಪಾಠಾಂತರವೆಂದು ಬರೆದಿಡುತ್ತಾರೆ. ಲಿಪಿಕಾರ ಎಲ್ಲಿ ಕಣ್ತಪ್ಪಿದ, ಎಲ್ಲಿ ಬೇಕೆಂದೇ ತಿದ್ದಿದ, ಯಾವ ಪ್ರತಿ ಯಾವುದರಿಂದ ಇಳಿದು ಬಂತು ಎಂಬುದೆಲ್ಲ ಆ ಭಿನ್ನತೆಗಳಿಂದಲೇ ತಿಳಿಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆಗಳನ್ನೂ ಹಾಗೆಯೇ ಓದಬಹುದು.

ಚಿತ್ರ ಎಲ್ಲೆಲ್ಲಿ ಇರುತ್ತದೆ?

ಮೊದಲು ಪೆಟ್ಟಿಗೆಯ ಮೈಯನ್ನು ತಿಳಿದುಕೊಳ್ಳೋಣ. ನೆತ್ತಿಯ ಮೇಲಿನ ಹೆಸರಿನ ಫಲಕಕ್ಕೆ ಮಾರ್ಕ್ವೀ ಎನ್ನುತ್ತಾರೆ. ಪರದೆಯ ಸುತ್ತಲಿನ ಚೌಕಟ್ಟು ಬೆಜೆಲ್. ಕೈ ಆಡುವ ಜಾಗ ಕಂಟ್ರೋಲ್ ಪ್ಯಾನೆಲ್, ಅದರ ಮೇಲೆ ಚಿತ್ರವಿರುವ ತೆಳು ಹಾಳೆ. ಎಡಬಲದ ಹಲಗೆಗಳ ಮೇಲೆ ದೂರಕ್ಕೂ ಕಾಣುವ ದೊಡ್ಡ ಚಿತ್ರ, ಅದು ಸೈಡ್ ಆರ್ಟ್. ಮುಂಭಾಗದಲ್ಲಿ ನಾಣ್ಯ ಹಾಕುವ ಬಾಗಿಲು, ಅದರ ಸುತ್ತ ಕೆಲವೊಮ್ಮೆ ಇನ್ನೊಂದು ಚಿತ್ರ. ಹಲಗೆಯ ಅಂಚು ಸವೆಯದಂತೆ ಕೂರಿಸಿದ ಪ್ಲಾಸ್ಟಿಕ್ ಪಟ್ಟಿ ಟಿ-ಮೋಲ್ಡಿಂಗ್.

ಇವೆಲ್ಲ ಒಂದೇ ದಿನ ಒಂದೇ ಕೈಯಿಂದ ಬಂದವಲ್ಲ. ಗಾಜು ಒಂದು ಕಡೆ ಮುದ್ರಣವಾಗುತ್ತಿತ್ತು, ಅಂಟುಹಾಳೆ ಇನ್ನೊಂದು ಕಡೆ, ಮರಗೆಲಸ ಮತ್ತೊಂದು ಕಡೆ. ಎಲ್ಲ ಕೂಡುತ್ತಿದ್ದುದು ಜೋಡಣೆಯ ಸಾಲಿನಲ್ಲಿ. ಯಾವುದಾದರೂ ಒಂದು ಭಾಗ ಮುಗಿದುಹೋದರೆ ಸಾಲು ನಿಲ್ಲಿಸುವಂತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕಿ ಯಂತ್ರ ಸಾಗಿಸುತ್ತಿದ್ದರು. 1979ರಲ್ಲಿ ಅಟಾರಿ ಕಂಪನಿಗೆ ಆದದ್ದು ಇದೇ. ‘ಲೂನಾರ್ ಲ್ಯಾಂಡರ್’ ಎಂಬ ಚಂದ್ರನ ಮೇಲೆ ನೌಕೆ ಇಳಿಸುವ ಆಟ ತಯಾರಾಗುತ್ತಿದ್ದಾಗಲೇ ಲೈಲ್ ರೇನ್ಸ್ ಮತ್ತು ಎಡ್ ಲಾಗ್ ರೂಪಿಸಿದ ‘ಆಸ್ಟರಾಯ್ಡ್ಸ್’ ಬಂತು. ಬೇಡಿಕೆ ಎಷ್ಟಿತ್ತೆಂದರೆ ಕೆಲವು ನೂರು ಆಸ್ಟರಾಯ್ಡ್ಸ್ ಯಂತ್ರಗಳು ಲೂನಾರ್ ಲ್ಯಾಂಡರ್‌ಗೆಂದು ಸಿದ್ಧವಾಗಿದ್ದ ಪೆಟ್ಟಿಗೆಗಳಲ್ಲೇ ಹೊರಟವು. ಪರದೆಯ ಮೇಲೆ ಕ್ಷುದ್ರಗ್ರಹಗಳು ಸಿಡಿಯುತ್ತಿದ್ದರೆ ಪಕ್ಕದ ಹಲಗೆಯ ಮೇಲೆ ಬೇರೊಂದು ಆಟದ ಚಿತ್ರ. ವಿಷಯ ತಿಳಿಯದವರು ಅಂಥ ಪೆಟ್ಟಿಗೆ ಕಂಡರೆ ಯಾರೋ ಭಾಗಗಳನ್ನು ಕಲಸಿಬಿಟ್ಟಿದ್ದಾರೆ ಎಂದು ‘ಸರಿಪಡಿಸಲು’ ಹೊರಟಾರು. ಸರಿಪಡಿಸಿದ ಕ್ಷಣವೇ ಆ ವರ್ಷದ ಅವಸರದ ಸಾಕ್ಷಿ ಅಳಿಸಿಹೋಗುತ್ತದೆ.

ಸಮುದ್ರ ದಾಟಿದಾಗ ಬದಲಾದ ಮುಖ

ವ್ಯತ್ಯಾಸಗಳಲ್ಲಿ ಎಲ್ಲಕ್ಕಿಂತ ದೊಡ್ಡವು ಹುಟ್ಟಿದ್ದು ಪರವಾನಗಿಯ ವ್ಯವಹಾರದಿಂದ. ಜಪಾನಿನ ಕಂಪನಿ ಆಟ ಮಾಡುತ್ತಿತ್ತು, ಅಮೆರಿಕದ ಕಂಪನಿ ಹಕ್ಕು ಪಡೆದು ತನ್ನದೇ ಪೆಟ್ಟಿಗೆ ಕಟ್ಟುತ್ತಿತ್ತು. ಚಿತ್ರವನ್ನು ಅಲ್ಲಿಯ ಕಲಾವಿದರು ಹೊಸದಾಗಿ ಬರೆಯುತ್ತಿದ್ದರು.

1978ರ ‘ಸ್ಪೇಸ್ ಇನ್ವೇಡರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಅನ್ಯಗ್ರಹದ ಶತ್ರುಗಳಿಗೆ ಆಕ್ಟೋಪಸ್, ಸ್ಕ್ವಿಡ್, ಏಡಿಗಳ ರೂಪ ಕೊಟ್ಟಿದ್ದರು. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ಕಟ್ಟಿದ ಪೆಟ್ಟಿಗೆಯ ಮೇಲೆ ಅವು ಯಾವುವೂ ಇಲ್ಲ. ಅಲ್ಲಿರುವುದು ಮನುಷ್ಯರಂತೆ ಎರಡು ಕಾಲಿನ ಮೇಲೆ ನಿಂತ ದೈತ್ಯಾಕಾರದ ರಾಕ್ಷಸರು. ಆಟ ಆಡಿದವರಿಗೆ ಆ ರಾಕ್ಷಸರು ಪರದೆಯ ಮೇಲೆ ಎಲ್ಲೂ ಸಿಗುವುದಿಲ್ಲ. ನಿಶಿಕಾಡೊ ಅವರೇ ಇದಕ್ಕೆ ಕಾರಣ ಹೇಳಿದ್ದಾರೆ. ಆಟಕ್ಕೆ ಮೊದಲು ಇಟ್ಟಿದ್ದ ಹೆಸರು ‘ಸ್ಪೇಸ್ ಮಾನ್‌ಸ್ಟರ್ಸ್’, ಕಲಾವಿದ ಆಟದೊಳಗಿನ ರೂಪಗಳನ್ನು ನೋಡದೆ ಆ ಹೆಸರನ್ನು ಹಿಡಿದುಕೊಂಡು ಬರೆದಿರಬೇಕು ಎಂಬುದು ಅವರ ಅಭಿಪ್ರಾಯ. ಕೈಬಿಟ್ಟ ಹೆಸರೊಂದು ಹೀಗೆ ಪೆಟ್ಟಿಗೆಯ ಮೈಮೇಲೆ ಚಿತ್ರವಾಗಿ ಉಳಿಯಿತು. ಹಳಗನ್ನಡ ಕಾವ್ಯದ ಯಾವುದೋ ಒಂದು ಪ್ರತಿಯಲ್ಲಿ ಮಾತ್ರ ಉಳಿದ ಹಳೆಯ ರೂಪದ ಹಾಗೆ.

‘ಪ್ಯಾಕ್-ಮ್ಯಾನ್’ ಕಥೆ ಹೆಚ್ಚು ಜನರಿಗೆ ಗೊತ್ತು. 1980ರಲ್ಲಿ ನಾಮ್ಕೊ ಕಂಪನಿಯ ತೊರು ಇವಾಟಾನಿ ರೂಪಿಸಿದ ಈ ಆಟದ ಜಪಾನೀ ಹೆಸರು ‘ಪಕ್-ಮ್ಯಾನ್’. ಇಂಗ್ಲಿಷಿನಲ್ಲಿ ಬರೆದಾಗ ಅದರ ಮೊದಲ ಅಕ್ಷರವನ್ನು ಕಿಡಿಗೇಡಿಗಳು ಒಂದಿಷ್ಟು ಕೆರೆದರೆ ಸಾಕು, ಪೆಟ್ಟಿಗೆಯ ಮೇಲೆ ಬೈಗುಳವಾಗುತ್ತದೆ ಎಂಬ ಅಂಜಿಕೆಯಿಂದ ಅಮೆರಿಕದಲ್ಲಿ ಹೆಸರು ಬದಲಾಯಿತು. ಅಂದರೆ ಜಗತ್ತಿಗೆಲ್ಲ ಪರಿಚಿತವಾದ ಹೆಸರು ಸ್ಥಿರವಾದದ್ದೇ ಪೆಟ್ಟಿಗೆಯ ಚಿತ್ರಕ್ಕೆ ಆಗಬಹುದಾದ ಹಾನಿಯನ್ನು ನೆನೆದು. ಹೆಸರಿನ ಜೊತೆಗೆ ಮುಖವೂ ಬದಲಾಯಿತು. ಜಪಾನಿನ ಬಿಳಿ ಪೆಟ್ಟಿಗೆಯ ಜಾಗಕ್ಕೆ ಮಿಡ್‌ವೇಯ ಹಳದಿ ಪೆಟ್ಟಿಗೆ ಬಂತು. ಪರದೆಯಲ್ಲಿ ಬರೀ ಬಾಯಿಯಾಗಿದ್ದ ಹಳದಿ ಚಕ್ರಕ್ಕೆ ಹಲಗೆಯ ಮೇಲೆ ಕಣ್ಣು, ಕಾಲುಗಳು ಮೂಡಿದವು.

ಇನ್ನು ಒಂದೇ ಕಂಪನಿ ಒಂದೇ ದೇಶದಲ್ಲಿ ಒಂದೇ ಆಟವನ್ನು ಹಲವು ಅಳತೆಗಳಲ್ಲಿ ಮಾಡುತ್ತಿದ್ದುದೂ ಉಂಟು. ನಿಂತು ಆಡುವ ದೊಡ್ಡ ಪೆಟ್ಟಿಗೆ, ಇಕ್ಕಟ್ಟಾದ ಜಾಗಕ್ಕೆ ಹೊಂದುವ ಸಣ್ಣ ಪೆಟ್ಟಿಗೆ, ಹೋಟೆಲಿನ ಮೇಜಿನಂತೆ ಎದುರುಬದುರು ಕೂತು ಆಡುವ ಕಾಕ್‌ಟೇಲ್ ಟೇಬಲ್. ಮೇಜಿನ ರೂಪಕ್ಕೆ ಪಕ್ಕದ ಹಲಗೆಯೇ ಇಲ್ಲ, ಹಾಗಾಗಿ ಚಿತ್ರವೆಲ್ಲ ಮೇಲಿನ ಗಾಜಿನಡಿ ಸೇರುತ್ತಿತ್ತು. ಸಣ್ಣ ಪೆಟ್ಟಿಗೆಗಳಲ್ಲಿ ಸೈಡ್ ಆರ್ಟ್ ಬಿಟ್ಟು ಮರದ ನಾರಿನಂತೆ ಕಾಣುವ ಹಾಳೆ ಅಂಟಿಸಿ ಮುಗಿಸುವುದೂ ಇತ್ತು. ಯುರೋಪಿಗೆ ಬೇಕಾದ ಯಂತ್ರಗಳನ್ನು ಅಟಾರಿ ಐರ್ಲೆಂಡಿನ ಟಿಪ್ಪರೆರಿಯ ತನ್ನ ಕಾರ್ಖಾನೆಯಲ್ಲಿ ಕಟ್ಟುತ್ತಿತ್ತು. ಆದ್ದರಿಂದ ಕ್ಯಾಲಿಫೋರ್ನಿಯಾದ ಪೆಟ್ಟಿಗೆಯನ್ನು ಅಳತೆಗೋಲಾಗಿ ಹಿಡಿದು ಯುರೋಪಿನ ಪೆಟ್ಟಿಗೆಯನ್ನು ತಪ್ಪು ಅನ್ನುವುದು ನ್ಯಾಯವಲ್ಲ. ಯಾವ ಊರಿನ ಪ್ರತಿ ಎಂದು ಮೊದಲು ಕೇಳಬೇಕು.

ಭೂತಗನ್ನಡಿ ಹಿಡಿದಾಗ

ಕಣ್ಣಳತೆಗೆ ಕಾಣುವ ಇಂಥ ವ್ಯತ್ಯಾಸಗಳನ್ನು ದಾಟಿದರೆ ಮುದ್ರಣದ ಸೂಕ್ಷ್ಮಗಳು ಸಿಗುತ್ತವೆ. ಇಲ್ಲಿಗೆ ಒಂದು ಭೂತಗನ್ನಡಿ, ಒಂದು ಟಾರ್ಚು ಸಾಕು.

ಆ ಕಾಲದ ಬಹುಪಾಲು ಚಿತ್ರಗಳು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಅಚ್ಚಾದವು. ಮದುವೆ ಕರೆಯೋಲೆ ಮಾಡಿಸಿದವರಿಗೆಲ್ಲ ಗೊತ್ತಿರುವ ಕೆಲಸ ಅದು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಬೇಡದ ಕಡೆ ಮುಚ್ಚಿದ ರಂಧ್ರಗಳು, ರಬ್ಬರ್ ಪಟ್ಟಿಯಿಂದ ಎಳೆದಾಗ ಉಳಿದ ರಂಧ್ರಗಳ ಮೂಲಕ ಕೆಳಗಿಳಿಯುವ ಶಾಯಿ. ಬಣ್ಣಕ್ಕೊಂದು ಜಾಲರಿ. ಆರು ಬಣ್ಣದ ಚಿತ್ರವಾದರೆ ಹಾಳೆ ಆರು ಸಲ ಅಚ್ಚಿನ ಕೆಳಗೆ ಹೋಗಬೇಕು, ಆರೂ ಸಲ ಅದೇ ಜಾಗದಲ್ಲಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಎರಡು ಬಣ್ಣಗಳ ನಡುವೆ ಬಿಳಿ ಗೆರೆ ಇಣುಕುತ್ತದೆ, ಇಲ್ಲವೇ ಒಂದರ ಮೇಲೊಂದು ಏರಿ ಮೂರನೆಯ ಬಣ್ಣ ಕಾಣಿಸಿಕೊಳ್ಳುತ್ತದೆ.

ಒಂದು ಹಳೆಯ ಸೈಡ್ ಆರ್ಟ್ ಹಾಳೆಯ ಮೇಲೆ ಓರೆಯಾಗಿ ಟಾರ್ಚು ಬಿಟ್ಟು ನೋಡಿ. ಶಾಯಿ ಎಷ್ಟು ದಪ್ಪಗಿರುತ್ತದೆಂದರೆ ಪ್ರತಿ ಬಣ್ಣದ ಅಂಚೂ ಒಂದು ಸಣ್ಣ ಮೆಟ್ಟಿಲಿನಂತೆ ನೆರಳು ಬೀಳಿಸುತ್ತದೆ. ಬೆರಳ ತುದಿಗೂ ಅದು ತಿಳಿಯುತ್ತದೆ. ಯಾವ ಬಣ್ಣ ಯಾವುದರ ಮೇಲೆ ಕೂತಿದೆ ಎಂದು ನೋಡುತ್ತ ಹೋದರೆ ಅಚ್ಚು ಹಾಕಿದ ಕ್ರಮವೇ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ತಿಳಿಬಣ್ಣ ಮೊದಲು, ಎಲ್ಲದರ ಅಂಚು ಮುಚ್ಚುವ ಕಪ್ಪು ಗೆರೆ ಕೊನೆಗೆ. ಒಂದೇ ಆಟದ ಎರಡು ಹಾಳೆಗಳಲ್ಲಿ ಈ ಕ್ರಮ ಬೇರೆ ಬೇರೆಯಾಗಿದ್ದರೆ ಅವು ಒಂದೇ ಕಂತಿನಲ್ಲಿ ಅಚ್ಚಾದವಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಮಾರ್ಕ್ವೀ ಫಲಕದಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ಪಾರದರ್ಶಕ ಗಾಜು ಅಥವಾ ಪ್ಲಾಸ್ಟಿಕ್ಕಿನ ಹಿಂಬದಿಗೆ ಚಿತ್ರವನ್ನು ಕನ್ನಡಿಯ ಪ್ರತಿಬಿಂಬದಂತೆ ಮುದ್ರಿಸುತ್ತಾರೆ. ಕಪ್ಪು ಗೆರೆ ಮೊದಲು, ಅದರ ಹಿಂದೆ ಬಣ್ಣ, ಎಲ್ಲದರ ಹಿಂದೆ ಬೆಳಕನ್ನು ಹದವಾಗಿ ಹರಡುವ ಬಿಳಿ. ಮೈಸೂರು, ತಂಜಾವೂರುಗಳ ಹಳೆಯ ಗಾಜಿನ ಚಿತ್ರಗಳನ್ನು ಬರೆದವರೂ ಇದೇ ಕ್ರಮ ಹಿಡಿದಿದ್ದರು, ಕಣ್ಣು ಮೂಗಿನ ಗೆರೆ ಮೊದಲು, ಮೈಬಣ್ಣ ಆಮೇಲೆ. ಹೀಗಾಗಿ ಮಾರ್ಕ್ವೀ ಪರೀಕ್ಷಿಸುವಾಗ ಎರಡು ಸಲ ನೋಡಬೇಕು, ಒಮ್ಮೆ ದೀಪ ಆರಿಸಿ, ಒಮ್ಮೆ ಹಿಂದಿನಿಂದ ಬೆಳಕು ಬಿಟ್ಟು. ದೀಪವಿಲ್ಲದಾಗ ಒಂದೇ ರೀತಿ ಕಾಣುವ ಎರಡು ಫಲಕಗಳು ದೀಪ ಹಾಕಿದಾಗ ಬೇರೆಯಾಗುವುದುಂಟು. ಒಂದರ ಬಿಳಿ ಪದರ ದಪ್ಪ, ಇನ್ನೊಂದರದು ತೆಳು.

ಮರದ ಮೇಲೆಯೇ ನೇರವಾಗಿ ಬಣ್ಣ ಹಾಕಿದ ಪೆಟ್ಟಿಗೆಗಳ ಸೊಗಸೇ ಬೇರೆ. ಷಿಕಾಗೋದ ವಿಲಿಯಮ್ಸ್ ಕಂಪನಿಯ ‘ಡಿಫೆಂಡರ್’, ‘ಜೌಸ್ಟ್’ ಮತ್ತು ‘ರೋಬೋಟ್ರಾನ್’ ಪೆಟ್ಟಿಗೆಗಳ ಪಕ್ಕದ ಚಿತ್ರ ಸ್ಟೆನ್ಸಿಲ್ ಕೆಲಸ. ನಮ್ಮ ರಂಗೋಲಿ ಅಚ್ಚಿನ ಹಾಗೆ, ಆಕಾರ ಕೊರೆದ ಹಾಳೆಯನ್ನು ಹಲಗೆಗೆ ಒತ್ತಿ ಹಿಡಿದು ಬಣ್ಣ ಸಿಂಪಡಿಸುತ್ತಿದ್ದರು. ಹಾಳೆ ಹಲಗೆಗೆ ಬಿಗಿಯಾಗಿ ಅಂಟಿದ ಕಡೆ ಅಂಚು ಹರಿತ, ಸಡಿಲವಾದ ಕಡೆ ಬಣ್ಣದ ತುಂತುರು ಒಳನುಗ್ಗಿ ಮಂಜು ಕವಿದಂತೆ ಮಸುಕು. ಇಂಥ ಎರಡು ಪೆಟ್ಟಿಗೆಗಳು ಪೂರ್ತಿ ಒಂದೇ ಆಗಿರುವುದು ಸಾಧ್ಯವೇ ಇಲ್ಲ. ಆ ಮಸುಕು ಅಂಚಿನಲ್ಲಿ ಒಬ್ಬ ಕೆಲಸಗಾರನ ಕೈಯ ಒತ್ತಡ ಉಳಿದಿದೆ. ಆತನ ಹೆಸರು ಯಾವ ಫಲಕದ ಮೇಲೂ ಇಲ್ಲ.

ಕಣ್ಣಿಗೆ ಮೋಸ ಮಾಡುವವು

ಕಂಡ ಭೇದವೆಲ್ಲ ಕಾರ್ಖಾನೆಯದಲ್ಲ. ಪಳಗಿದ ಕಣ್ಣು ಮೊದಲು ಕಲಿಯುವುದು ಕಾಲದ ಕೆಲಸವನ್ನು ಕಾರ್ಖಾನೆಯ ಕೆಲಸದಿಂದ ಬೇರ್ಪಡಿಸುವುದನ್ನು.

ಬಿಸಿಲು ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ತಿನ್ನುವುದಿಲ್ಲ. ಕೆಂಪು ಮತ್ತು ಹಳದಿ ಬೇಗ ಸೋಲುತ್ತವೆ, ಕಣ್ಣು ಕುಕ್ಕುವ ಫ್ಲೋರೊಸೆಂಟ್ ಶಾಯಿಗಳು ಅದಕ್ಕೂ ಮೊದಲೇ. ನೀಲಿ, ಕಪ್ಪು ತಡೆದುಕೊಳ್ಳುತ್ತವೆ. ಕೆಂಪು ಹೊರಟುಹೋದ ನೇರಳೆ ನೀಲಿಯಾಗಿ ಕಾಣುತ್ತದೆ, ಹಳದಿ ಕಳೆದುಕೊಂಡ ಹಸಿರೂ ನೀಲಿಯ ಕಡೆಗೇ ಸರಿಯುತ್ತದೆ. ಕಿಟಕಿಯ ಪಕ್ಕ ವರ್ಷಗಟ್ಟಲೆ ನಿಂತ ಪೆಟ್ಟಿಗೆಯ ಒಂದು ಹಲಗೆ ನೀಲಿ, ಇನ್ನೊಂದು ಹಲಗೆ ನೇರಳೆ ಆಗಿದ್ದರೆ ಅದನ್ನು ಅಪರೂಪದ ‘ನೀಲಿ ಆವೃತ್ತಿ’ ಎಂದು ಸಾರಬಾರದು. ಬಾರುಗಳಲ್ಲಿದ್ದ ಯಂತ್ರಗಳಿಗೆ ಸಿಗರೇಟಿನ ಹೊಗೆ ಇನ್ನೊಂದು ಪದರ ಹಚ್ಚಿದೆ, ಬಿಳಿಯೆಲ್ಲ ಕಂದುಹಳದಿ. ಟ್ಯೂಬ್‌ಲೈಟಿನ ಕಾವಿಗೆ ಮಾರ್ಕ್ವೀ ಹಿಂದಿನ ಶಾಯಿ ಚಕ್ಕೆಯೇಳುತ್ತದೆ.

ಎರಡನೆಯ ಮೋಸ ಪೆಟ್ಟಿಗೆಯ ಪುನರ್ಜನ್ಮ. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಆರ್ಕೇಡ್ ವ್ಯಾಪಾರ ಕುಸಿದಾಗ ಅಂಗಡಿಯವರಿಗೆ ಹೊಸ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯ ಪೆಟ್ಟಿಗೆಗೆ ಹೊಸ ಆಟ ತುಂಬುವ ಕಿಟ್‌ಗಳು ಬಂದವು. ಬೋರ್ಡು, ಮಾರ್ಕ್ವೀ, ಪಕ್ಕಕ್ಕೆ ಹಚ್ಚಲು ಅಂಟುಚಿತ್ರ, ಎಲ್ಲ ಒಂದೇ ಡಬ್ಬದಲ್ಲಿ. ಹಳೆಯ ಚಿತ್ರದ ಮೇಲೆ ಕಪ್ಪು ಬಣ್ಣ ಬಳಿದು, ಹೊಸ ಅಂಟುಚಿತ್ರ ಹಚ್ಚಿದರೆ ಮುಗಿಯಿತು. ಇಂದು ಅಂಥ ಪೆಟ್ಟಿಗೆಗಳನ್ನು ದುರಸ್ತಿ ಮಾಡುವವರು ಕಪ್ಪು ಪದರವನ್ನು ಬೆರಳಗಲದಷ್ಟೇ ಕರಗಿಸಿ, ಒರೆಸಿ, ಮತ್ತೆ ಕರಗಿಸುತ್ತ ಗಂಟೆಗಟ್ಟಲೆ ಕೂರುತ್ತಾರೆ. ಒಂದು ಸಲ ಅವಸರಪಟ್ಟರೆ ಕೆಳಗಿನ ಚಿತ್ರವೂ ಬಟ್ಟೆಗೆ ಬಂದುಬಿಡುತ್ತದೆ.

ಮೂರನೆಯದು ಈಗಿನ ಮರುಮುದ್ರಣ. ಪ್ರೀತಿಯಿಂದ ಮಾಡಿದ ಒಳ್ಳೆಯ ಮರುಮುದ್ರಣಗಳಿವೆ, ಅವುಗಳಿಂದ ಎಷ್ಟೋ ಯಂತ್ರಗಳು ಬದುಕಿವೆ. ಹಳೆಯದೆಂದು ತಪ್ಪು ತಿಳಿಯದಿದ್ದರೆ ಸಾಕು. ಭೂತಗನ್ನಡಿ ಇಲ್ಲಿ ನೇರ ಉತ್ತರ ಕೊಡುತ್ತದೆ. ಹಳೆಯ ಸ್ಕ್ರೀನ್ ಪ್ರಿಂಟಿನಲ್ಲಿ ಕಿತ್ತಳೆ ಎಂದರೆ ಕಲಸಿದ ಕಿತ್ತಳೆ ಶಾಯಿಯ ಒಂದೇ ಹಾಸು. ಕಂಪ್ಯೂಟರ್ ಪ್ರಿಂಟಿನಲ್ಲಿ ಅದೇ ಕಿತ್ತಳೆ ಒಡೆದು ಹಳದಿ, ಕೆಂಪು ಚುಕ್ಕೆಗಳ ಹುಡಿಯಾಗುತ್ತದೆ. ಎಚ್ಚರಿಕೆಯ ಮಾತೊಂದಿದೆ: ಛಾಯಾಚಿತ್ರದಂಥ ಛಾಯೆಗಳಿಗಾಗಿ ಹಿಂದೆಯೂ ಚುಕ್ಕೆಗಳನ್ನು ಬಳಸುತ್ತಿದ್ದರು. ಅವು ಸಾಲಾಗಿ ಜೋಡಿಸಿದ ಚುಕ್ಕೆಗಳು, ಇವು ಚೆಲ್ಲಿದ ಚುಕ್ಕೆಗಳು. ಎರಡನ್ನೂ ಒಮ್ಮೆ ಅಕ್ಕಪಕ್ಕ ನೋಡಿದರೆ ಕಣ್ಣು ಮರೆಯುವುದಿಲ್ಲ.

ಓದುವ ಕ್ರಮ

ಹಾಗಾದರೆ ಒಂದು ಪೆಟ್ಟಿಗೆಯ ಎದುರು ನಿಂತಾಗ ಎಲ್ಲಿಂದ ಶುರು ಮಾಡಬೇಕು? ದೊಡ್ಡದರಿಂದ ಸಣ್ಣದಕ್ಕೆ ಇಳಿಯುವುದು ಒಳ್ಳೆಯದು. ಇದು ಯಾವ ಅಳತೆಯ ಪೆಟ್ಟಿಗೆ, ಕಟ್ಟಿದ ಕಂಪನಿ ಯಾವುದು, ಯಾವ ದೇಶಕ್ಕೆಂದು ಕಟ್ಟಿದ್ದು? ಹಿಂಬದಿಯ ಲೋಹದ ಪಟ್ಟಿಯ ಮೇಲಿನ ಸರಣಿ ಸಂಖ್ಯೆ ಬರೆದುಕೊಳ್ಳಿ. ಬಾಗಿಲು ತೆಗೆದು ಒಳಗಿನ ಮರ ನೋಡಿ. ಬೇರೆ ಆಟದ ಗುಂಡಿಗಳಿಗೆ ಕೊರೆದು ಮುಚ್ಚಿದ ತೂತು, ಅಂಚಿನಲ್ಲಿ ಇಣುಕುವ ಇನ್ನೊಂದು ಬಣ್ಣ, ಸ್ಕ್ರೂ ಕಿತ್ತ ಗುರುತು ಕಂಡರೆ ಆ ಪೆಟ್ಟಿಗೆಗೆ ಹಿಂದಿನ ಜನ್ಮವಿದೆ.

ಬಳಿಕ ಒಂದು ಸಾಕ್ಷಿಯನ್ನು ಇನ್ನೊಂದಕ್ಕೆ ತಾಳೆ ಹಾಕಬೇಕು. ಕೆಂಪು ಡಾಂಕಿ ಕಾಂಗ್ ಸಿಕ್ಕಿತು ಅನ್ನಿ. ನೀಲಿ ಪೆಟ್ಟಿಗೆಗೆ ಯಾರೋ ಕೆಂಪು ಬಳಿದಿರಬಹುದಲ್ಲ? ಒಳಗಿನ ಬೋರ್ಡು ನೋಡಿ. ಮೊದಲ ಯಂತ್ರಗಳಲ್ಲಿ ನಾಲ್ಕು ಬೋರ್ಡುಗಳ ಅಟ್ಟಿ, ನಂತರದವುಗಳಲ್ಲಿ ಎರಡೇ. ಬೋರ್ಡು ಬದಲಾಗಿರಲೂಬಹುದು, ಹಾಗಾಗಿ ಅದೊಂದೇ ಸಾಲದು. ಬಣ್ಣ, ಸರಣಿ ಸಂಖ್ಯೆ, ಬೋರ್ಡು, ಮರದ ಗುರುತು, ಎಲ್ಲವೂ ಒಂದೇ ಕಥೆ ಹೇಳಿದಾಗ ಮಾತ್ರ ನಂಬಬಹುದು.

ಕಂಪನಿಗಳ ಕಾಗದಪತ್ರವೂ ನೆರವಿಗೆ ಬರುತ್ತದೆ. ಅಟಾರಿಯ ಕೈಪಿಡಿಗಳಲ್ಲಿ ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟ ಪಟ್ಟಿಯಿದೆ, ಚಿತ್ರದ ಹಾಳೆಗಳೂ ಅದರಲ್ಲಿ ಸೇರಿವೆ. ಮಾರಾಟದ ಕರಪತ್ರಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಉತ್ಪಾದನೆ ಆರಂಭವಾಗುವ ಮೊದಲೇ ತೆಗೆದ ಫೋಟೋ ಅದರಲ್ಲಿರಬಹುದು, ಮಾರುಕಟ್ಟೆಗೆ ಬಂದ ಪೆಟ್ಟಿಗೆ ಅದಕ್ಕಿಂತ ಬೇರೆಯೇ ಆಗಿರಬಹುದು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿರುವ ಸ್ಟ್ರಾಂಗ್ ಆಟ ಸಂಗ್ರಹಾಲಯದಂಥ ಕಡೆ ಯಂತ್ರಗಳನ್ನೂ ಕಾಗದಪತ್ರಗಳನ್ನೂ ಕಾಪಾಡುತ್ತಿರುವುದರಿಂದಲೇ ಇಂಥ ಹೋಲಿಕೆ ಸಾಧ್ಯವಾಗಿದೆ.

ಇಷ್ಟು ಕಷ್ಟ ಯಾಕೆ ಎಂದರೆ, ದುರಸ್ತಿಯ ಪ್ರತಿ ಹೆಜ್ಜೆಯೂ ಒಂದು ತೀರ್ಮಾನ. ಯಾವ ಕೆಂಪನ್ನು ಕಲಸಬೇಕು? ಸರಿದ ಗೆರೆಯನ್ನು ಸರಿದಲ್ಲೇ ಬಿಡಬೇಕೆ, ನೇರ ಮಾಡಬೇಕೆ? ಮರುಮುದ್ರಣಕ್ಕಾಗಿ ಒಂದು ಹಾಳೆಯನ್ನು ಮಾದರಿಯಾಗಿ ಆರಿಸಿದರೆ ಮುಂದೆ ನೂರಾರು ಪೆಟ್ಟಿಗೆಗಳು ಅದನ್ನೇ ಹೊತ್ತುಕೊಳ್ಳುತ್ತವೆ, ಉಳಿದ ಪಾಠಗಳು ಸದ್ದಿಲ್ಲದೆ ಮರೆಯಾಗುತ್ತವೆ. ಗ್ರಂಥ ಸಂಪಾದಕರು ತಾವು ಒಪ್ಪದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ. ಪೆಟ್ಟಿಗೆಗಳಿಗೂ ಆ ಮರ್ಯಾದೆ ಸಲ್ಲಬೇಕು. ಉಜ್ಜುವ ಕಾಗದ ಕೈಗೆತ್ತಿಕೊಳ್ಳುವ ಮೊದಲು ಫೋಟೋ ತೆಗೆಯಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದೊಂದು ಅಂಚನ್ನೂ.

ಕೊನೆಗೆ ಒಂದು ಜಾಗ ಮರೆಯಬಾರದು. ಮಾರ್ಕ್ವೀ ಫಲಕವನ್ನು ಮೇಲೆ ಕೆಳಗೆ ಹಿಡಿದಿರುವ ಲೋಹದ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ. ಅದರಡಿ ಬೆರಳಗಲದ ಒಂದು ಸಾಲಿಗೆ ಬಿಸಿಲು ಬಿದ್ದಿಲ್ಲ, ಹೊಗೆ ತಾಗಿಲ್ಲ. ಫಲಕದ ಉಳಿದೆಡೆ ಮಾಸಿ ಇಟ್ಟಿಗೆಯಂತಾಗಿರುವ ಬಣ್ಣ ಅಲ್ಲಿ ದಾಸವಾಳದ ಕೆಂಪು. ನಲವತ್ತು ವರ್ಷಗಳ ಹಿಂದೆ ಜಾಲರಿಯಿಂದ ಇಳಿದ ಶಾಯಿ, ಇಳಿದ ದಿನದ ಹಾಗೆಯೇ ಇದೆ. ಬಣ್ಣ ಕಲಸುವ ಮುನ್ನ ನೋಡಿಕೊಳ್ಳಬೇಕಾದ ಪ್ರತಿ ಅದು.